ಬಾವಿಗೆ ಹೋಗದ ಆರು ವಾರ

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಾಲಿನಲ್ಲಿ ಆರು ಅಂಕಿ ಇಲ್ಲದ್ದು ಮುಂದಿನ ಹಲ್ಲು ಬಿದ್ದ ಬಾಯಿಯಂತೆ ಕಂಡಿತೆಂದು, ಯಾರನ್ನೂ ಕೇಳದೆ ಅದನ್ನು ರಿಪೇರಿ ಮಾಡಿದವನು ನಾನು. ಮೊನ್ನೆ ಕಪಾಟಿನಿಂದ ಅಳತೆಯ ಟೇಪು ತೆಗೆದಾಗ ಪಾಚಿ, ಸೀಮೆಸುಣ್ಣ ಎರಡೂ ಕೂಡಿದ ವಾಸನೆ ಬಂತು. ಅದರ ಹಿಂದೆಯೇ ನಮ್ಮ ಸರ್...

ಗದಗಿನ ನಮ್ಮ ಕಾಲೇಜಿನಲ್ಲಿ ಅವರು ಭೂವಿಜ್ಞಾನ ಕಲಿಸುತ್ತಿದ್ದರು. ದಿನಾ ಮುಂಡರಗಿಯಿಂದ ಬಸ್ಸಿನಲ್ಲಿ ಬರುವರು. ಪ್ರತಿ ಶನಿವಾರ ಸೊರಟೂರ, ಹಿರೇಹಂದಿಗೋಳದ ಹನ್ನೆರಡು ಬಾವಿಗಳಿಗೆ ಹೋಗಿ, ಟೇಪಿಗೆ ಸೀಮೆಸುಣ್ಣ ತಿಕ್ಕಿ ಇಳಿಬಿಟ್ಟು, ಎಲ್ಲಿಯವರೆಗೆ ತೊಯ್ದಿದೆ ಎಂದು ನೋಡಿ ನೀರಿನ ಮಟ್ಟ ಬರೆದುಕೊಳ್ಳುವರು. ವಾರಕ್ಕೊಂದು ಫೈಲು: ನೀರು-೦೧, ನೀರು-೦೨, ಹೀಗೆ ವರ್ಷವಿಡೀ. ಹೆಸರು ಒಂದೇ ಇದ್ದು ಕೊನೆಗೆ ಅಂಕಿ ಇದ್ದರೆ ಸಾಕು, ಕಂಪ್ಯೂಟರಿನ ತಂತ್ರಾಂಶ ಎಲ್ಲವನ್ನೂ ಒಂದೇ ಸಾಲೆಂದು ತಿಳಿದು ಒಟ್ಟಿಗೆ ತೆರೆಯುತ್ತಿತ್ತು. ಗುಂಡಿ ಒತ್ತಿದರೆ ನೆಲದಡಿಯ ನೀರು ಪರದೆಯ ಮೇಲೆ ಏರುವುದು, ಇಳಿಯುವುದು. ಮೂಲೆಯಲ್ಲಿ ವಾರದ ಅಂಕಿ ಓಡುವುದು.

ನಾನು ಅವರ ವಿದ್ಯಾರ್ಥಿ. ಅದಕ್ಕಿಂತ ಹೆಚ್ಚಾಗಿ ಅವರ ನಕಲು. ಮಾತಿಗೆ ಮೊದಲು ಅವರು ಎರಡು ಸಲ ಕೆಮ್ಮುತ್ತಿದ್ದರು. ಹಾಗೆಯೇ ನಾನು ಕಾರಿಡಾರಿನಲ್ಲಿ ಕೆಮ್ಮಿದರೆ ಇಡೀ ಕ್ಲಾಸು ಎದ್ದು ನಿಲ್ಲುತ್ತಿತ್ತು. ಒಮ್ಮೆ ಸಿಕ್ಕಿಬಿದ್ದೆ. ಅವರು ಬೈಯಲಿಲ್ಲ. “ಎರಡನೇದು ಸ್ವಲ್ಪ ಉದ್ದ ಆತಲೇ” ಎಂದು ತಿದ್ದಿದರು.

ಅವರ ಪಿಎಚ್.ಡಿ.ಯ ಕೊನೆಯ ಪರೀಕ್ಷೆ ಬಂತು. ಐವತ್ತರ ಹತ್ತಿರ ಬಂದಿದ್ದ ಅವರಿಗೆ ವಿಶ್ವವಿದ್ಯಾಲಯ ಕೊಟ್ಟಿದ್ದ ಕೊನೆಯ ಗಡುವು ಅದು. ಫೈಲುಗಳನ್ನು ತೆರೆದಿಡುವ ಕೆಲಸ ನನಗೆ ಹೇಳಿದರು; ಬೇರೇನೂ ಮಾಡಬೇಡ ಎಂದೂ ಹೇಳಿದರು. ಹಾಗೆಂದರೆ ನನಗೆ ಕೈ ತುರಿಸುತ್ತದೆ. ನೋಡಿದರೆ ಇಪ್ಪತ್ತೆರಡು ಆದಮೇಲೆ ನೇರ ಇಪ್ಪತ್ತೊಂಬತ್ತು. ಇಪ್ಪತ್ತೊಂಬತ್ತನ್ನು ಇಪ್ಪತ್ಮೂರು ಮಾಡಿದೆ, ಮೂವತ್ತನ್ನು ಇಪ್ಪತ್ನಾಲ್ಕು... ಕೊನೆಯವರೆಗೂ. ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಂಡೆ.

ಪರದೆಯ ಕೆಳಗೆ ವಾರವಾರದ ಮಳೆಯ ನಕ್ಷೆಯೂ ಇತ್ತು. ಅದು ನನ್ನ ಕೈಗೆ ಸಿಕ್ಕಿರಲಿಲ್ಲ, ಅದರ ವಾರಗಳು ಇದ್ದಲ್ಲೇ ಇದ್ದವು. ಹೊರಗಿನಿಂದ ಬಂದ ಪರೀಕ್ಷಕರು ಸ್ವಲ್ಪ ಹೊತ್ತು ನೋಡಿ ಕನ್ನಡಕ ಏರಿಸಿದರು.

“ನಿಮ್ಮ ಕಡಿ ಮಳಿ ಬರೂಕಿಂತ ಮೊದಲ ಬಾವಿ ತುಂಬತಾವೇನ್ರಿ?”

ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಇಂಥದ್ದು ನನ್ನ ಬಾಳಿನಲ್ಲಿ ಕಡಿಮೆ.

ಸರ್ ಪರದೆ ನೋಡಿದರು, ನನ್ನನ್ನು ನೋಡಿದರು. ನನ್ನ ಹೆಸರೆತ್ತಲಿಲ್ಲ. ಚೀಲದಿಂದ ಬಾವಿಯ ನೋಟ್‌ಬುಕ್ ತೆಗೆದು ಮುಂದಿಟ್ಟರು. ಫೈಲಿನ ಅಂಕಿಗಳು ತಪ್ಪಾಗಿವೆ, ಇಪ್ಪತ್ಮೂರರಿಂದ ಇಪ್ಪತ್ತೆಂಟನೆಯ ವಾರದವರೆಗೆ ತಾನು ಬಾವಿಗೆ ಹೋಗಿಲ್ಲ, ಶ್ವಾಸಕೋಶದ ಚಿಕಿತ್ಸೆಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದೆ ಎಂದರು. ನಮಗ್ಯಾರಿಗೂ ಅದು ಗೊತ್ತಿರಲಿಲ್ಲ. ರಜೆ ಹಾಕಿದ್ದಾರೆ ಅಂದುಕೊಂಡಿದ್ದೆವು. ಆ ಆರು ವಾರವೂ ನಾನು ಕಾರಿಡಾರಿನಲ್ಲಿ ಕೆಮ್ಮಿದ್ದೆ.

ಪರೀಕ್ಷಕರು ನೋಟ್‌ಬುಕ್ ತಿರುವಿ, ಸರಿಮಾಡಿ ಮತ್ತೆ ತೋರಿಸಿ ಎಂದರು. ಅಂಕಿಗಳನ್ನು ನಾನೇ ಒಂದೊಂದಾಗಿ ಹಿಂದಿನ ಜಾಗಕ್ಕೆ ಕಳಿಸಿದೆ. ಪದವಿ ಸಿಕ್ಕಿತು. ಎರಡು ವರ್ಷ ಅದನ್ನು ಹೆಸರಿನ ಮುಂದೆ ಬರೆದುಕೊಂಡರು. ಆಮೇಲೆ...

ಈಗ ಅದೇ ಕಾಲೇಜಿನಲ್ಲಿ ನಾನು ಪಾಠ ಮಾಡುತ್ತೇನೆ; ಅವರು ಹಾಸಿಗೆ ಹಿಡಿದಾಗಿನಿಂದ ಆ ಬಾವಿಗಳಿಗೂ ನಾನೇ ಹೋಗುತ್ತೇನೆ. ಟೇಪು ತೆಗೆದ ದಿನವೇ, ಹೊಸದಾಗಿ ಸೇರಿದ ವಿದ್ಯಾರ್ಥಿನಿ ನನ್ನ ಫೈಲುಗಳನ್ನು ತೆರೆಯುತ್ತ ಕೇಳಿದಳು: “ಸರ್, ಹದಿನೇಳು ಇಲ್ಲರಿ. ಹದಿನೆಂಟನ್ನ ಹದಿನೇಳು ಮಾಡ್ಲೇನ್ರಿ? ಛಂದ ಕಾಣ್ತೈತಿ.”

ಹದಿನೇಳನೆಯ ಶನಿವಾರ ನಾನು ಮುಂಡರಗಿಗೆ ಹೋಗಿದ್ದೆ, ಸರ್ ಅವರಿಗೆ ಮಣ್ಣು ಕೊಡಲು.

ಪರೀಕ್ಷೆಯ ದಿನ ಹೊರಗಿನ ಮೆಟ್ಟಿಲ ಮೇಲೆ, ಖಾಲಿ ಜಾಗ ಛಂದ ಕಾಣಲಿಲ್ಲ ಎಂದು ನಾನು ಗೊಣಗಿದಾಗ ಅವರು ಅಂದದ್ದನ್ನೇ ಅವಳಿಗೂ ಹೇಳಿದೆ. ಅವರದೇ ದನಿಯಲ್ಲಿ. ಕೆಮ್ಮು ಮಾತ್ರ ಹಾಕಲಿಲ್ಲ.

“ಹೋಗದ ವಾರ ಹೋಗಿಲ್ಲ ಅನ್ನಾಕ ನನಗಿಲ್ಲದ ನಾಚಿಕಿ ನಿನಗ್ಯಾಕ?”