ರವಣಣ್ಣ ಸುತ್ತಿದ ರೇಷ್ಮೆ

ಗ್ಲೈಡರ್ ನೆಲ ಬಿಡುವ ಮೊದಲೇ ರವಣಣ್ಣ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮತ್ತೆ ತೆರೆಯುತ್ತಿದ್ದುದು ಚಕ್ರ ನೆಲ ಮುಟ್ಟಿದ ಮೇಲೆಯೇ. ಎತ್ತರವೆಂದರೆ ಅಷ್ಟು ಭಯ. ಆದರೂ ತಾವು ರಿಪೇರಿ ಮಾಡಿದ ಗ್ಲೈಡರ್‌ನ ಮೊದಲ ಹಾರಾಟದಲ್ಲಿ ಹಿಂದಿನ ಸೀಟು ಅವರದೇ. “ಬಿಚ್ಚಿದೋನು ಕೂತ್ಕೋಬೇಕು ಕಣಮ್ಮ. ಇಲ್ದಿದ್ರೆ ಬಿಚ್ಚಲೇಬಾರ್ದು” ಅನ್ನುತ್ತಿದ್ದರು.

ಗೌರಿಬಿದನೂರಿನಿಂದ ನಗರಗೆರೆಗೆ ಹೋಗುವ ದಾರಿಯಲ್ಲಿ ನಮ್ಮ ಸಣ್ಣ ಕ್ಲಬ್ಬಿನ ಮೈದಾನ. ನಾನು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪಾಠ ಮಾಡುತ್ತಾ ಭಾನುವಾರಗಳಲ್ಲಿ ಅಲ್ಲಿ ಹಾರುತ್ತಿದ್ದೆ. ಗ್ಲೈಡರ್‌ಗಳು ಎಂಜಿನ್ ಇಲ್ಲದ ಪುಟ್ಟ ವಿಮಾನಗಳು, ನನಗಿಂತ ಹಳೆಯವು. ಅವುಗಳ ಮೂಗಿನಲ್ಲಿ ಬೆರಳು ಗಾತ್ರದ ಕೊಳವೆ. ಎದುರುಗಾಳಿ ಅದರೊಳಗೆ ಒತ್ತಿದರೆ ಮಾತ್ರ ವೇಗದ ಮುಳ್ಳು ತಿರುಗುತ್ತದೆ. ಅದರಲ್ಲಿ ಕಡಜ ಗೂಡು ಕಟ್ಟುತ್ತದೆ, ಧೂಳು ಕೂರುತ್ತದೆ, ಅದರ ಹಿಂದಿನ ಕೀಲುಗಳ ರಬ್ಬರ್ ಬಿರಿಯುತ್ತದೆ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ರವಣಣ್ಣ.

ಯಾರಾದರೂ ಕೊಳವೆಗೆ ಬಾಯಿ ಹಾಕಿ ಊದಿದರೆ ಮುಗಿಯಿತು. “ಉಂಡಪ್ಪಾ, ಉಂಡು!” ಎಂದು ತೆಲುಗಿನಲ್ಲಿ ತಡೆಯುವರು. “ಇದೇನು ನಿಮ್ ತಾತನ ಪೀಪಿನಾ? ಒಳಗಿರೋ ಮೀಟರು ಸತ್ತೋಗುತ್ತೆ.” ಅವರದು ಬೇರೆ ಪರೀಕ್ಷೆ. ಕೊಳವೆಯ ಬಾಯಿಗೆ ರಬ್ಬರ್ ನಳಿಕೆ ಸಿಕ್ಕಿಸಿ, ಅದರ ಇನ್ನೊಂದು ತುದಿ ಮುಚ್ಚಿ, ಚಾಪೆ ಸುತ್ತಿದಂತೆ ಮೆಲ್ಲಗೆ ಸುತ್ತುವರು. ಮುಳ್ಳು ಏರಿ ಅಲ್ಲೇ ನಿಂತರೆ ಸರಿ. ಜಾರಿದರೆ ಎಲ್ಲೋ ಸೋರಿಕೆ. ಮುಳ್ಳು ನಿಂತಿರುವಷ್ಟು ಹೊತ್ತು ತಾವೂ ಉಸಿರು ಬಿಗಿ ಹಿಡಿಯುತ್ತಿದ್ದರು.

ಹೊಸ ರಬ್ಬರ್ ಸಿಗುವುದು ಕಷ್ಟವಾದಾಗ ಅವರು ಶಿಡ್ಲಘಟ್ಟದಿಂದ ರೇಷ್ಮೆ ನೂಲು ತಂದು ಕೀಲುಗಳಿಗೆ ಬಿಗಿಯಾಗಿ ಸುತ್ತತೊಡಗಿದರು. “ನಲ್ಲಿಗೆ ಸೆಣಬು, ನಮ್ಮ ಪ್ಲೇನಿಗೆ ಪಟ್ಟೆ. ಮದುವೆ ಹೆಣ್ಣು ಕಣಮ್ಮ ಇದು” ಎಂದು ನಗುತ್ತಿದ್ದರು. ಪರೀಕ್ಷೆಯಲ್ಲಿ ಏರಿದ ಮುಳ್ಳು ಕದಲುತ್ತಿರಲಿಲ್ಲ. ನಾವೆಲ್ಲ ಮೆಚ್ಚಿಕೊಂಡೆವು.

ಹಾಗೆ ರೇಷ್ಮೆ ಸುತ್ತಿದ ಗ್ಲೈಡರೊಂದರ ಮೊದಲ ಹಾರಾಟ. ಆ ಭಾನುವಾರ ಮೋಡ ಕೆಳಗಿತ್ತು. ನಾನು ಮುಂದೆ, ಅವರು ಹಿಂದೆ. ಮೋಡದ ಅಂಚಿನ ತೇವ ತಾಗಿ, ಇಳಿಯಲು ತಿರುಗಿದಾಗ ಮುಳ್ಳು ಕುಸಿಯತೊಡಗಿತು. ವೇಗ ತೀರಾ ಕಡಿಮೆಯಾದರೆ ಗ್ಲೈಡರ್ ಕಲ್ಲಿನಂತೆ ಬೀಳುತ್ತದೆ.

“ರವಣಣ್ಣ, ಮುಳ್ಳು ಬೀಳ್ತಿದೆ!”

“ಮೂಗು ತಗ್ಸಮ್ಮ, ವೇಗ ಬರುತ್ತೆ.”

ತಗ್ಗಿಸಿದೆ. ಮುಳ್ಳು ಇನ್ನೂ ಬಿತ್ತು.

“ಸುಳ್ಳು ಹೇಳ್ತಿರ್ಬೇಕು ಇದು!”

“ನಾನು ಸುತ್ತಿರೋದು ಸುಳ್ಳು ಹೇಳಲ್ಲ. ತಗ್ಸು, ತಗ್ಸು!”

ಇನ್ನಷ್ಟು ತಗ್ಗಿಸಿದೆ. ವೇಗ ಮಿತಿ ಮೀರಿದಂತೆ ಗಾಳಿ ಕಿರುಚುತ್ತಿತ್ತು. ರೆಕ್ಕೆಗಳು ಅದುರತೊಡಗಿದವು, ಕೈಯಲ್ಲಿನ ಚಾಲನೆಯ ಕೋಲು ನಡುಗಿತು. ಹಿಪ್ಪುನೇರಳೆ ತೋಟದ ಸಾಲುಗಳು ಒಂದೊಂದಾಗಿ ಕಾಣುವಷ್ಟು ಹತ್ತಿರ ಬಂದಾಗ ಮುಳ್ಳು ನೋಡುವುದು ಬಿಟ್ಟು ಮೆಲ್ಲಗೆ ಕೋಲು ಎಳೆದೆ. ಹೇಗೆ ಇಳಿಸಿದೆನೋ. ಈಗಲೂ ಬಸ್ಸು ಇಳಿಜಾರಿಗೆ ಬಂದರೆ ನನ್ನ ಕೈ ಮುಂದಿನ ಸೀಟಿನ ಕಂಬಿಯನ್ನು ಎಳೆಯುತ್ತದೆ.

ಯಾರೂ ಹತ್ತಿರ ಬರುವ ಮೊದಲೇ ರವಣಣ್ಣ ಕೊಳವೆ ಬಿಚ್ಚಿದರು. ಕೀಲಿನಿಂದ ಒಳಗೆ ನುಸುಳಿದ್ದ ಎಳೆಗಳು ಧೂಳು, ತೇವ ಸೇರಿ ಬಿರಡೆಯಾಗಿದ್ದವು. ಹಿಂದೆ ಸಿಕ್ಕಿಬಿದ್ದ ಗಾಳಿ ಹಾಗೇ ಉಳಿದು ಹೊರಗಿನ ಒತ್ತಡ ಮಾತ್ರ ಏರುತ್ತಿತ್ತು; ಮುಳ್ಳು ತೋರಿಸುವುದು ಇವೆರಡರ ಅಂತರವನ್ನು. ಅದಕ್ಕೇ ನಾವು ಕೆಳಗಿಳಿದಷ್ಟೂ ಮುಳ್ಳು ಇಳಿದಿತ್ತು. “ನಂದೇ” ಅಂದರು. ಮರುದಿನದಿಂದ ಬರಲಿಲ್ಲ.

ಕೆಲವು ತಿಂಗಳ ನಂತರ ಕ್ಲಬ್ಬಿನವರ ಮಾತಿಗೆ ಅವರನ್ನು ಕರೆತರಲೆಂದು ಅವರ ತಂಗಿಯ ಊರಾದ ಸಾದಲಿಗೆ ಹೋದೆ. ತಂಗಿಯ ಮನೆಯಲ್ಲಿ ರೇಷ್ಮೆಹುಳುಗಳಿಗೆ ಸೊಪ್ಪು ಹೆಚ್ಚುತ್ತಿದ್ದರು. ತುಂಬ ಸೊರಗಿದ್ದರು.

“ಬನ್ನಿ ಅಣ್ಣ, ಹೊಸ ರಬ್ಬರ್ ಬಂದಿದೆ. ನೋಡೋರಿಲ್ಲ.”

ಮಚ್ಚು ನಿಲ್ಲಿಸಿ ನನ್ನನ್ನೇ ನೋಡಿದರು. “ಬರ್ತೀನಿ. ನಾನು ಬಿಗಿದು ಹಿಂದೆ ಕೂತ್ರೆ, ಮುಂದೆ ನೀನು ಕೂತ್ಕೋತೀಯಾ?”

ಹೌದೆನ್ನಲು ಬಾಯಿ ತೆರೆದೆ. ಆದರೆ ಕೈ ಬಾಗಿಲ ಚೌಕಟ್ಟನ್ನು ಹಿಡಿದು ಹಿಂದಕ್ಕೆ ಎಳೆಯಿತು.

“ಹೋಗ್ಲಿ ಬಿಡಮ್ಮ” ಎಂದು ಅವರು ಮತ್ತೆ ಸೊಪ್ಪಿನ ಕಟ್ಟಿಗೆ ಕೈ ಹಾಕಿದರು. “ನಾನಾಗಿದ್ರೂ ಕೂರ್ತಿರ್ಲಿಲ್ಲ.”