ಐನೂರು ಗಿರಾಕಿಗಳ ಪರೀಕ್ಷೆ

ಅಧ್ಯಕ್ಷ ಹುಲ್ಲಪ್ಪನವರು ಹಾರವನ್ನು ಸೋತವನಿಗೇ ಹಾಕಿಬಿಟ್ಟರು.

ಸೋತದ್ದು ಮನುಷ್ಯನಲ್ಲ, ಒಂದು ರಟ್ಟಿನ ಡಬ್ಬಿ. ಇಳಕಲ್ಲಿನ ನೇಕಾರರ ಸೊಸೈಟಿಗೊಂದು ವೆಬ್‌ಸೈಟ್ ಬೇಕೆಂದು 2003ರಲ್ಲಿ ಠರಾವಾಗಿತ್ತು. ಪುಣೆ, ಸೊಲ್ಲಾಪುರದ ಗಿರಾಕಿಗಳು ಮನೆಯಲ್ಲೇ ಕೂತು ಸೀರೆ ಆರಿಸಬೇಕು. ಅವರು ಅಲ್ಲಿ ಬಟನ್ ಒತ್ತಿದಾಗ ಇಲ್ಲಿ ಅಂಗಡಿಯ ಆಳಿನಂತೆ ಸೀರೆ ಬಿಚ್ಚಿ ತೋರಿಸುವ ಪ್ರೋಗ್ರಾಮಿಗೆ ಸರ್ವರ್ ಎಂದು ಹೆಸರು. ಅಂಥ ಆಳುಗಳು ಎರಡಿದ್ದವು: ಡಬ್ಬಿಯಲ್ಲಿ ಬಂದ ಖರೀದಿಯದೊಂದು, ಪತ್ರಿಕೆಯ ಜೊತೆ ಸಿಡಿಯಲ್ಲಿ ಬಂದ ಪುಕ್ಕಟೆಯದೊಂದು. ಯಾವುದು ಚುರುಕು ಎಂದು ಅಳೆದು ಹೇಳುವ ಕೆಲಸ ಸೊಸೈಟಿಯ ಕಂಪ್ಯೂಟರ್ ವಿಭಾಗದ್ದು. ವಿಭಾಗವೆಂದರೆ ಶ್ರೀಧರ, ಒಂದು ಕಂಪ್ಯೂಟರು, ಅದರ ಮೇಲಿನ ಹೊದಿಕೆ.

ಆಡಳಿತ ಮಂಡಳಿಯ ಮುಂದೆ ಶ್ರೀಧರ ಗೋಡೆಗೆ ನಕ್ಷೆ ಹಚ್ಚಿದ. ಎರಡು ಕಂಬ: ಡಬ್ಬಿಯದು ಎತ್ತರ, ಪುಕ್ಕಟೆಯದು ಗಿಡ್ಡ. ಅವನು ಬಾಯಿ ತೆಗೆಯುವ ಮೊದಲೇ ಹುಲ್ಲಪ್ಪನವರು ತಮಗೆ ಬಂದಿದ್ದ ಹಾರವನ್ನು ಡಬ್ಬಿಗೆ ಹಾಕಿ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು.

"ಸಾಹುಕಾರ್ರ, ಅದು ಗಿರಾಕಿ ಕಾಯೋ ಹೊತ್ತು ರಿ. ಕಂಬ ಎತ್ತರ ಇದ್ದಷ್ಟೂ ಸರ್ವರ್ ಮಂದ."

"ಮೊದಲಽ ಒದರಬಾರದೇನ್ಲೇ! ಈಗ ಹಾರ ಬಿಚ್ಚಿದರ ಡಬ್ಬಿಗೆ ಅವಮಾನ. ಇರಲಿ ಬಿಡು, ಹಾರ ಅದಕ್ಕ, ಕೆಲಸ ಇದಕ್ಕ."

ಶ್ರೀಧರನೂ ನಕ್ಕ. ನಗು ಬಂದಿರಲಿಲ್ಲ. ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವ ಮನೆಯವನು, ಡಿಪ್ಲೊಮಾ ಮುಗಿಸಿ ಇಲ್ಲಿಗೆ ಬಂದಾಗಿನಿಂದ ಹಂಗಾಮಿ. ಕಾಯಂ ಆಗುವುದಕ್ಕೆ ಕಾಯುವುದೇ ಅವನ ಕಾಯಂ ಕೆಲಸವಾಗಿತ್ತು. ಈ ಸಲ ಹುಲ್ಲಪ್ಪನವರು ಕಡ್ಡಿ ಮುರಿದಂತೆ ಹೇಳಿದ್ದರು: ಉದ್ಘಾಟನೆಯ ದಿನ ಒಮ್ಮೆಲೇ ಐನೂರು ಗಿರಾಕಿ ನುಗ್ಗಿದರೂ ಸೈಟು ಬೀಳಬಾರದು, ನಿಂತರೆ ಶ್ರೀಧರ ಕಾಯಂ, ಬಿದ್ದರೆ ಕಂಪ್ಯೂಟರ್ ವಿಭಾಗ ಬಂದ್. ಬಂದ್ ಆದರೆ ಊರಿನಲ್ಲಿ ಸೋದರಮಾವ ತಿಮ್ಮಣ್ಣನ ಪವರ್‌ಲೂಮ್ ಶೆಡ್ಡು ಕಾಯುತ್ತಿತ್ತು. ಶ್ರೀಧರನ ಅಪ್ಪ ಹೊಳಬಸಪ್ಪನ ಎರಡೂ ಕಿವಿಗಳನ್ನು ತಿಂದು ಮುಗಿಸಿದ್ದು ಅದೇ ಶೆಡ್ಡಿನ ಸದ್ದು.

ಹಾಗಾಗಿ ಅಳೆಯುತ್ತಲೇ ಹೋದ. ಐನೂರು ಸುಳ್ಳು ಗಿರಾಕಿಗಳನ್ನು ಹುಟ್ಟಿಸಿ ಸರ್ವರಿನ ಮೇಲೆ ಬಿಡುವ ಪ್ರೋಗ್ರಾಮೊಂದಿತ್ತು. ಅವನು ಲೋಡ್ ಹಾಕುವುದಕ್ಕೂ ಕರೆಂಟಿನವರು ಲೋಡ್ ತೆಗೆಯುವುದಕ್ಕೂ ಸರಿಹೋಗುತ್ತಿತ್ತು. ಕರೆಂಟು ಬಂದ ಮೇಲೆ ಮತ್ತೆ ಮೊದಲಿನಿಂದ. ಹೆಂಡತಿ ಮಹಾನಂದಾ ಬುತ್ತಿ ಕಟ್ಟುತ್ತ ಕೇಳಿದಳು: "ಐನೂರು ಮಂದಿ ಸೀರಿ ತಗೊಂಡ್ರೇನ್ರಿ?"

"ಅವರು ತಗೋಳೂದಿಲ್ಲ. ಬರೇ ಕೇಳ್ತಾರ."

"ಹಂಗಾರ ಖರೇ ಗಿರಾಕಿನಽ ಇರಬೇಕು ಬಿಡ್ರಿ."

ಹಾರದ ಹೂವು ಒಣಗುವ ಹೊತ್ತಿಗೆ ಅವನಿಗೊಂದು ತಪ್ಪು ಕಂಡಿತು. ಮಗ್ಗದವರ ಮನೆಯಲ್ಲಿ ಹುಟ್ಟಿದವನಷ್ಟೇ ಮಾಡಬಹುದಾದ ತಪ್ಪು. ಎರಡು ಮಗ್ಗಗಳಲ್ಲಿ ಯಾವುದು ಹಗುರ ಓಡುತ್ತದೆಂದು ನೋಡುವುದಿದ್ದರೆ ಹೊಳಬಸಪ್ಪ ಒಂದೇ ಪಡಸಾಲೆಯಲ್ಲಿ ಎರಡನ್ನೂ ಹೂಡಿ, ಒಂದೇ ನೂಲು ಹಾಕಿ, ತಾನೇ ಎರಡರಲ್ಲೂ ಕೂತು ನೇಯುತ್ತಿದ್ದ. "ಮನಿ ಬದಲಾತಂದ್ರ ಅಳತಿ ಕೆಟ್ಟಂಗಽ" ಎನ್ನುತ್ತಿದ್ದ. ಮಗ ಅದನ್ನೇ ನಂಬಿ ಸರ್ವರನ್ನೂ ಐನೂರು ಗಿರಾಕಿಗಳನ್ನೂ ಒಂದೇ ಕಂಪ್ಯೂಟರಿನೊಳಗೆ ಇಟ್ಟಿದ್ದ. ಯಂತ್ರದ ಶಕ್ತಿಯನ್ನೆಲ್ಲ ಗಿರಾಕಿಗಳೇ ನುಂಗುತ್ತಿದ್ದರು. ಆಳಿಗೆ ಕೈಯೆತ್ತಲು ತ್ರಾಣವಿರಲಿಲ್ಲ. ಇಷ್ಟು ದಿನ ಅವನು ಅಳೆದದ್ದು ಸರ್ವರುಗಳ ಚುರುಕನ್ನಲ್ಲ, ಅವುಗಳ ಹಸಿವನ್ನು.

ಪಕ್ಕದ ಇಂಟರ್‌ನೆಟ್ ಅಂಗಡಿಯ ಅಹ್ಮದಸಾಬರು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೀಗರೂ ಬಡಿಸಾವರೂ ಒಂದಽ ತಾಟಿಗೆ ಕುಂತಂಗಾತಲ್ಲೋ ಮಾಸ್ತರ! ತಗೋ, ಬೀಗರನ್ನ ನನ್ನ ಕಡೆ ಕಳಸು." ಕಿಟಕಿಯಿಂದ ಕಿಟಕಿಗೆ ವಾಯರ್ ಎಳೆದು, ಗಿರಾಕಿಗಳನ್ನು ಅಹ್ಮದಸಾಬರ ಕಂಪ್ಯೂಟರಿಗೆ ಸಾಗಿಸಿ, ಶ್ರೀಧರ ಹೊಸದಾಗಿ ಅಳೆದ. ಡಬ್ಬಿಯದೇ ಗೆದ್ದಿತು. ಹುಲ್ಲಪ್ಪನವರ ಹಾರ ಸರಿಯಾದ ಕೊರಳಿನಲ್ಲೇ ಇತ್ತು.

ಹೋಗಿ ಹೇಳಿದ. ಹುಲ್ಲಪ್ಪನವರು ಎಲೆ ಅಡಿಕೆ ಜಗಿಯುತ್ತ, "ನಾ ನೋಡಿದಕೂಡ್ಲೆ ಹೇಳಿದ್ನಿಲ್ಲೋ ತಮ್ಮಾ? ಅಷ್ಟಕ್ಕ ಇಷ್ಟು ದಿನ ಬೇಕಾತ?" ಎಂದರು. ಡಿಪ್ಲೊಮಾ, ನಕ್ಷೆ, ಕರೆಂಟಿಗಾಗಿ ಕಾದ ಮಧ್ಯಾಹ್ನಗಳು ಎಲ್ಲ ಆ ಎಲೆ ಅಡಿಕೆಯ ಜೊತೆ ಪೀಕದಾನಿಗೆ ಹೋದವು.

ಸೈಟಿಗೆ ಡಬ್ಬಿಯ ಸರ್ವರನ್ನೇ ಹಾಕಿದರು. ದೀಪಾವಳಿ ಪಾಡ್ಯದಂದು ಉದ್ಘಾಟನೆ. ಪೇಢೆ ಹಂಚಿ, ಭಾಷಣ ಮಾಡಿ, ಮಂದಿ ಮನೆಗೆ ಹೋದರು. ಶ್ರೀಧರ ಹೋಗಲಿಲ್ಲ. ಸಂಜೆಯವರೆಗೂ ಕಚೇರಿಗೂ ಅಹ್ಮದಸಾಬರ ಅಂಗಡಿಗೂ ಲಾಳಿಯಂತೆ ಓಡಾಡಿದ. ನೋಡಿದವರು, ಪಾಪ, ಸೈಟು ಬಿದ್ದೀತೆಂದು ಕಾಯುತ್ತಿದ್ದಾನೆ ಎಂದುಕೊಂಡರು.

"ಬಿತ್ತೇನ್ರಿ?" ಎಂದಳು ಮಹಾನಂದಾ, ರಾತ್ರಿ ಊಟಕ್ಕೆ ಕೂತ ಅವನ ಮುಖ ನೋಡಿ.

"ಇಲ್ಲ."

"ಮತ್ತ ಮಾರಿ ಯಾಕ ಹಿಂಗ ಮಾಡೀರಿ? ಕಾಯಂ ಆತಲ್ಲ!"

ಅವನು ತಾಟಿನ ರೊಟ್ಟಿಯನ್ನು ಮುರಿದು, ಮುರಿದದ್ದನ್ನು ಮತ್ತೆ ಮುರಿದ. ಆ ಐನೂರು ಸುಳ್ಳು ಗಿರಾಕಿಗಳು ನೆನಪಾದರು. ಅವರು ಕರೆದಾಗೆಲ್ಲ ಬರುತ್ತಿದ್ದರು.

ಮುಂದಿನ ವಾರ ಮಂಡಳಿ ಕೂಡಿತು. ಹುಲ್ಲಪ್ಪನವರು ಖುಷಿಯಲ್ಲಿದ್ದರು. "ಸೈಟು ಬೀಳಲಿಲ್ಲ, ನನ್ನ ಮಾತೂ ಬೀಳಬಾರದು. ಈ ಹುಡುಗನ್ನ ಕಾಯಂ ಮಾಡೋಣ. ಏನಂತೀರಿ?" ಎಲ್ಲರೂ ಕೈ ಎತ್ತುವವರಿದ್ದರು. ಮಂಡಳಿಯಲ್ಲಿದ್ದ ಒಬ್ಬಳೇ ನೇಕಾರ್ತಿ ಸಿದ್ದಲಿಂಗವ್ವ ಎತ್ತಲಿಲ್ಲ. ಅವಳ ಮನೆಯಲ್ಲಿ ನೇಯ್ದ ಸೀರೆಗಳು ದಸರೆಯಿಂದ ಪೆಟ್ಟಿಗೆಯಲ್ಲೇ ಕೂತಿದ್ದವು.

"ಕಾಯಂ ಮಾಡ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದರ ಒಂದು ಕೇಳ್ತೇನಿ. ತಮ್ಮಾ, ಅವತ್ತು ಒಮ್ಮಿಗೆ ಎಷ್ಟು ಗಿರಾಕಿ ಬಂದಿದ್ರು?"

ಶ್ರೀಧರ ಹುಲ್ಲಪ್ಪನವರತ್ತ ನೋಡಿದ. ಅವರು ಕಣ್ಣಲ್ಲೇ, ಐನೂರು ಅನ್ನೋ, ಎನ್ನುತ್ತಿದ್ದರು.

"ಇಬ್ಬರು, ಯವ್ವಾ."

"ಇಬ್ಬರಽ? ಯಾರ್ಯಾರಪಾ?"

"ಒಬ್ಬಾಂವ ಇಲ್ಲೇ ಕಚೇರಿಯೊಳಗ, ನಾನು. ಇನ್ನೊಬ್ಬಾಂವ ಅಹ್ಮದಸಾಬರ ಅಂಗಡ್ಯಾಗ. ಅಂವನೂ ನಾನಽ ಬೇ."