ಪುನರ್ಪುಳಿಯ ಜಗ್ಗಿನಲ್ಲಿ ಕೆಂಪು ವೈನ್

ನಾವು ನಕ್ಕೆವು. ಆ ಸಂಜೆಯನ್ನು ನೆನಪಿಸಿಕೊಳ್ಳಲು ಹೊರಟರೆ ಮೊದಲು ಕೇಳಿಸುವುದು ಆ ನಗುವೇ.

ಎಲ್ಲ ಶುರುವಾದದ್ದು ವೈನಿನಿಂದ. ಮಲೇಷ್ಯಾದಲ್ಲಿ ಮದ್ಯದ ಮೇಲೆ ತೆರಿಗೆ ಹೆಚ್ಚು. ಹೆಸರುವಾಸಿ ಫ್ರೆಂಚ್ ಬಾಟಲಿಗಳನ್ನು ನಾನೂ ನನ್ನ ಗೆಳೆಯನೂ ಕೈಯಲ್ಲಿ ಹಿಡಿದು ನೋಡಿ, ಮತ್ತೆ ಕಪಾಟಿನಲ್ಲೇ ಇಟ್ಟುಬಿಡುತ್ತಿದ್ದೆವು. ಅವನು ಉಡುಪಿಯವನು. ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತಾನೆ. ಡಾಕ್ಟರಾದರೂ ರೋಗಿಗಳನ್ನು ನೋಡುವುದು ಬಿಟ್ಟು ವರ್ಷಗಳಾಗಿವೆ. ನಾನು ಅಲ್ಲೇ ಇಂಗ್ಲಿಷ್ ಕಲಿಸುತ್ತೇನೆ. ಪುಚೊಂಗ್‌ನಲ್ಲಿ ನಮ್ಮ ಮನೆಗಳ ಹತ್ತಿರ ಒಬ್ಬ ಚೀನೀ ಅಂಕಲ್‌ನ ಸಣ್ಣ ವೈನ್ ಅಂಗಡಿಯಿದೆ. ಒಂದು ದಿನ ಅವನೇ ಕೆಳಗಿನ ಸಾಲಿನಿಂದ ಒಂದು ಬಾಟಲಿ ಎತ್ತಿ ಕೊಟ್ಟ.

"ಫೇಮಸ್ ಒನ್, ಯು ಪೇ ಫಾರ್ ದ ನೇಮ್ ಲಾ. ದಿಸ್ ಒನ್ ಫಾದರ್ ಅಂಡ್ ಡಾಟರ್ ಓನ್ಲಿ."

ದಕ್ಷಿಣ ಫ್ರಾನ್ಸಿನ ಕಾರ್ಬಿಯೇರ್ ಗುಡ್ಡಗಳ ಒಂದು ಮನೆತನದ ತೋಟದ ವೈನ್ ಅದು. ಮೊದಲ ಗುಟುಕಿಗೆ ಕರಿಮೆಣಸಿನ ಖಾರ, ಆಮೇಲೆ ನೇರಳೆಹಣ್ಣು ತಿಂದಂಥ ಒಗರು. ಬೆಲೆ ನಮ್ಮಂಥ ಮೇಷ್ಟ್ರುಗಳ ಕೈಗೆಟುಕುವಷ್ಟೇ. ಅಲ್ಲಿಂದ ಶನಿವಾರ ಸಂಜೆಗಳಲ್ಲಿ ಯಾರೂ ಕೇಳಿರದ ಊರುಗಳ, ಅಪ್ಪ-ಮಕ್ಕಳೇ ಬೆಳೆದು ತುಂಬಿಸುವ ಬಾಟಲಿಗಳನ್ನು ಒಂದೊಂದಾಗಿ ತೆರೆದೆವು. ಇಂಥ ವೈನನ್ನು ಸೋಸದೆ ತುಂಬುವುದರಿಂದ ತಳದಲ್ಲಿ ಗಷ್ಟು ನಿಲ್ಲುತ್ತದೆ. ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿ, ಇಲ್ಲಿನ ಸೆಕೆಗೆ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ ಎಂದು ಅಂಕಲ್ ಹೇಳಿಕೊಟ್ಟಿದ್ದ.

ಗೆಳೆಯನ ಅಮ್ಮ ಉಡುಪಿಯಿಂದ ಬಂದ ಮೇಲೂ ಇದು ನಿಲ್ಲಲಿಲ್ಲ, ಮರೆಗೆ ಸರಿಯಿತು ಅಷ್ಟೇ. ಆ ಶನಿವಾರ ಅವನು ಬಾಟಲಿಯನ್ನು ಬಗ್ಗಿಸಿ ಫ್ರಿಜ್ಜಿನಲ್ಲಿಟ್ಟದ್ದು ತೊಳೆದು ಬೋರಲು ಹಾಕಿದ್ದ ಮುಚ್ಚಳದ ಸ್ಟೀಲ್ ಜಗ್ಗಿನಲ್ಲಿ. ಅದು ಅಮ್ಮನ ಪುನರ್ಪುಳಿ ಶರಬತ್ತಿನ ಜಗ್ಗು. ಅವರಿಗೆ ಸಕ್ಕರೆ ಕಾಯಿಲೆ. ಸಕ್ಕರೆಯಿಲ್ಲದ ಆ ಕಡುಗೆಂಪು ಹುಳಿನೀರನ್ನು ದಿನಾ ಮಧ್ಯಾಹ್ನ ಕುಡಿಯುತ್ತಿದ್ದರು. ನಾನು ಹೋಗುವಷ್ಟರಲ್ಲಿ ಜಗ್ಗು ಅರ್ಧ ಖಾಲಿಯಾಗಿತ್ತು. ಅಮ್ಮ ಸೋಫಾದಲ್ಲಿ ಒರಗಿ, ತೊದಲುತ್ತಾ ಏನೋ ಹೇಳುತ್ತಿದ್ದರು.

ಗೆಳೆಯ ಜಗ್ಗಿನ ಮುಚ್ಚಳ ತೆಗೆದು ನೋಡಿ ಹಣೆ ಬಡಿದುಕೊಂಡ. "ಹೋಯ್ತು ಮಾರಾಯ! ಸೊಸೆ ಮಾಡಿಟ್ಟ ಪುನರ್ಪುಳಿ ಅಂತ ಕುಡಿದಿದ್ದಾರೆ. ಶೀತ ಬೇರೆ, ಮೂಗು ಕಟ್ಟಿದೆ, ವಾಸನೆ ಎಲ್ಲಿ ಗೊತ್ತಾಗಬೇಕು?"

"ನಿಮ್ಮಮ್ಮನ ಆಯ್ಕೆ ನಮ್ಮಿಬ್ಬರಿಗಿಂತ ಚೆನ್ನಾಗಿದೆ ಬಿಡೋ" ಎಂದೆ.

ಆಗಲೇ ನಾವು ನಕ್ಕದ್ದು. ಅವನು ಅಮ್ಮನ ತಲೆಯಡಿ ದಿಂಬಿಟ್ಟು, "ಮಲಗಲಿ, ಇಳಿಯುತ್ತದೆ" ಎಂದ. ಅಮ್ಮನ ಕುತ್ತಿಗೆಯಲ್ಲಿ ಬೆವರು ಹರಿಯುತ್ತಿತ್ತು. ಫ್ಯಾನ್ ತಿರುಗುತ್ತಿತ್ತು, ಏಸಿ ಹಾಕಿತ್ತು, ಆದರೂ ರವಿಕೆ ಒದ್ದೆ. ಅದನ್ನು ನೋಡಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಕುಡಿದವರು ಬೆವರುತ್ತಾರೇನೋ ಎಂದುಕೊಂಡದ್ದೂ ನೆನಪಿದೆ.

ಅಡುಗೆಮನೆಯಿಂದ ಅವನ ಹೆಂಡತಿಯ ಕೂಗು ಕೇಳಿತು.

"ರೀ, ಅತ್ತೆ ಬೆಳಗಿನ ದೋಸೆಯನ್ನೇ ಮುಟ್ಟಲಿಲ್ಲ! ಮಧ್ಯಾಹ್ನದ ಅನ್ನವೂ ಹಾಗೇ ಉಂಟು!"

"ತಿಂದೆ ಅಂದರಲ್ಲ?"

"ಶನಿವಾರ ಮಾರಾಯ್ರೆ! ಒಪ್ಪತ್ತು ಮಾಡಿದ್ದಾರೆ. ನೀವು ಬೈತೀರಿ ಅಂತ ಹೇಳಲಿಲ್ಲ. ಮಾತ್ರೆ ಮಾತ್ರ ಬೆಳಿಗ್ಗೆ ನನ್ನೆದುರೇ ನುಂಗಿದ್ದಾರೆ!"

ಗೆಳೆಯನ ಮುಖ ಬಿಳಿಚಿಕೊಂಡಿತು. ಖಾಲಿ ಹೊಟ್ಟೆ, ಸಕ್ಕರೆ ಇಳಿಸುವ ಮಾತ್ರೆ, ಅದರ ಮೇಲೆ ವೈನ್. ಇದು ಅಮಲಲ್ಲ, ರಕ್ತದ ಸಕ್ಕರೆ ಕುಸಿದದ್ದು. ಅವನು ಅಮ್ಮನ ಭುಜ ಹಿಡಿದು ಅಲುಗಿಸಿದ. ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿತು. ಬೆರಳು ಚುಚ್ಚಿ ರಕ್ತ ನೋಡಲು ಅಮ್ಮ ಊರಿನಿಂದ ತಂದಿದ್ದ ಯಂತ್ರಕ್ಕೆ ಅವನು ಪಟ್ಟಿಯನ್ನು ತಿರುಗಾಮುರುಗಾ ಸಿಕ್ಕಿಸಿದ; ಹೆಂಡತಿಯೇ ಅದನ್ನು ಕಿತ್ತುಕೊಂಡು ಚುಚ್ಚಿದಳು. ಮೂವತ್ತೊಂದು ಎಂದು ತೋರಿಸಿತು. ಅದರ ಅರ್ಥ ನನಗೆ ತಿಳಿದದ್ದು ಅವನ ಬಾಯಿಂದ ಹೊರಟ "ಅಮ್ಮಾ" ಎಂಬ ಸದ್ದಿನಿಂದ.

ನುಂಗಲಾರದವರಿಗೆ ಸಕ್ಕರೆ ನೀರು ಕುಡಿಸುವಂತಿಲ್ಲ. ಅವರನ್ನು ಮಗ್ಗುಲಿಗೆ ಹೊರಳಿಸಿ, ಅವನು ಜೇನುತುಪ್ಪವನ್ನು ಬೆರಳಿನಿಂದ ಅವರ ಒಸಡಿಗೆ ಸ್ವಲ್ಪ ಸ್ವಲ್ಪವೇ ಸವರುತ್ತಾ ಹೋದ. ನಾನು ಆಂಬ್ಯುಲೆನ್ಸಿಗೆ ಫೋನ್ ಮಾಡಿದೆ. ವಿಳಾಸ ಕೇಳಿದರೆ ನಾನೇ ನೂರು ಸಲ ಬಂದ ಮನೆಯ ಬ್ಲಾಕ್ ಯಾವುದೆಂದು ಬಾಯಿಗೆ ಬರಲಿಲ್ಲ.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಮೇಲೆ ಅಮ್ಮ ಕಣ್ಣು ಬಿಟ್ಟರು. ಏನು ಕುಡಿದಿದ್ದಾರೆ ಎಂದು ಅಲ್ಲಿನ ತಮಿಳು ಡಾಕ್ಟರ್ ಕೇಳಿದರು. ಗೆಳೆಯ ಒಮ್ಮೆ ಅಮ್ಮನನ್ನು, ಒಮ್ಮೆ ನೆಲವನ್ನು ನೋಡಿ, "ರೆಡ್ ವೈನ್" ಎಂದ.

"ವೈನಾ?" ಅಮ್ಮನ ದನಿ ಕ್ಷೀಣವಾಗಿತ್ತು. "ಒಗರು ಜಾಸ್ತಿ ಅಂತ ನಾನು ಉಪ್ಪು ಹಾಕಿಕೊಂಡೆ."

ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಸಕ್ಕರೆ ಮತ್ತೆ ಇಳಿಯತೊಡಗಿತ್ತು. ಮಾತ್ರೆ ಇನ್ನೂ ಮೈಯಲ್ಲಿ ಕೆಲಸ ಮಾಡುತ್ತಿದೆ, ಈಗ ಎಚ್ಚರವಿರುವುದರಿಂದ ಊಟವನ್ನೂ ಮಾಡಲೇಬೇಕು ಎಂದರು ಡಾಕ್ಟರ್. ನರ್ಸ್ ಬ್ರೆಡ್ ತಂದಿಟ್ಟರೆ ಅಮ್ಮ ಮುಖ ತಿರುಗಿಸಿದರು.

"ದೇವರಿಗೆ ದೀಪ ಹಚ್ಚದೆ ನಾನು ತಿನ್ನುವುದಿಲ್ಲ. ಮನೆಗೆ ಕರೆದುಕೊಂಡು ಹೋಗು."

"ಅಮ್ಮ, ಬೈಯುವುದಿದ್ದರೆ ಆಮೇಲೆ ಬೈ. ನಾನು ಕುಡಿಯುತ್ತೇನೆ, ನಿನ್ನಿಂದ ಮುಚ್ಚಿಟ್ಟೆ, ಎಲ್ಲ ಒಪ್ಪಿದೆ. ಈಗ ಬಾಯಿ ತೆರೆ."

ಅವರು ತೆರೆಯಲಿಲ್ಲ. ಹಣೆಯಲ್ಲಿ ಮತ್ತೆ ಅದೇ ಬೆವರು ಮೂಡುತ್ತಿದ್ದುದನ್ನು ಈ ಸಲ ನಾನೇ ಮೊದಲು ಕಂಡು, ಗೆಳೆಯನ ತೋಳು ಹಿಡಿದು ತೋರಿಸಿದೆ. ಅವನು ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ, ಅವರ ತುಟಿಯ ಹತ್ತಿರ ಹಿಡಿದು ಹಾಗೇ ನಿಂತ. ಹಾಲು ಅವನ ಮಣಿಕಟ್ಟಿನಿಂದ ತೊಟ್ಟಿಕ್ಕುತ್ತಿತ್ತು. ಅಮ್ಮ ಮಗನ ಮುಖವನ್ನು ಬಹಳ ಹೊತ್ತು ನೋಡಿದರು.

"ಅಳಬೇಡ. ದೊಡ್ಡ ಡಾಕ್ಟರ್!" ಎಂದು ಬಾಯಿ ತೆರೆದರು.

ಅವರು ಅಗಿದು ನುಂಗುವವರೆಗೆ ನಾವಿಬ್ಬರೂ ಅವರ ಗಂಟಲನ್ನೇ ನೋಡುತ್ತಾ ನಿಂತಿದ್ದೆವು.